ಇಬ್ಬರಿಗೂ ಒಂದೇ ವಿಳಾಸ

"ಖಾತೆ ಯಾರ ಹೆಸರಲ್ಲಿದೆ ಮೇಡಂ?" ಫೋನಿನ ಆ ಕಡೆಯ ಹುಡುಗಿ ಕೇಳಿದಳು.

ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಹೆಂಗಸು ಬ್ರಷ್ಷಿನ ಅಂಟನ್ನು ಡಬ್ಬಿಯ ಅಂಚಿಗೆ ಒರಸುತ್ತಾ, "ನನ್ನ ಗಂಡನ ಹೆಸರಲ್ಲಿತ್ತು," ಎಂದಳು.

"ಅಯ್ಯೋ, ಸಾರಿ ಮೇಡಂ. ಅವರು ತೀರಿಕೊಂಡು..."

"ತೀರಿಕೊಂಡಿಲ್ಲಮ್ಮ, ಗಟ್ಟಿಮುಟ್ಟಾಗಿದ್ದಾರೆ. ಬೇರೆ ಮನೇಲಿ."

ಹುಡುಗಿ ನಗು ನುಂಗಿಕೊಂಡದ್ದು ಇಲ್ಲಿಗೇ ಕೇಳಿಸಿತು. ಆದರೂ ನಿಯಮ ಸಡಿಲವಾಗಲಿಲ್ಲ. ಇಂಟರ್‌ನೆಟ್ಟಿಗೆ ಬೇರೆ ಕಂಪನಿ ಹಿಡಿದ ಮೇಲೆ ಹಳೆಯವರು ಕೊಟ್ಟ ಇಮೇಲ್ ವಿಳಾಸವೂ ನಿಂತುಹೋಗುತ್ತದೆ. ಅದೊಂದನ್ನೇ ಉಳಿಸಿಕೊಳ್ಳಬಹುದು, ಆದರೆ ಯಾರ ಹೆಸರಿನಲ್ಲಿ ಖಾತೆ ಇದೆಯೋ ಅವರೇ ಕೇಳಬೇಕು. ಈ ವಾರ ಕಳೆದರೆ ಅಳಿಸಿಬಿಡುತ್ತಾರೆ. "ಸರ್ ಹತ್ರ ಒಂದು ಫೋನ್ ಮಾಡಿಸಿಬಿಡಿ ಮೇಡಂ, ಐದು ನಿಮಿಷದ ಕೆಲಸ," ಎಂದಳು ಹುಡುಗಿ.

ಐದು ನಿಮಿಷದ ಕೆಲಸಕ್ಕೆ ಅವಳು ಎರಡು ದಿನ ಯೋಚಿಸಿದಳು.

ಅವಳ ಗಿರಾಕಿಗಳಿಗೆಲ್ಲ ಹೊಸ ವಿಳಾಸ ಕೊಟ್ಟಾಗಿತ್ತು, ಅವರದೇನೂ ತಕರಾರಿರಲಿಲ್ಲ. ತೊಂದರೆ ಇದ್ದದ್ದು ಅತ್ತೆಯದು. ದೂರದ ಊರಿನಲ್ಲಿ ಮಗಳ ಮನೆಯಲ್ಲಿರುವ ಅತ್ತೆಗೆ ಕಿವಿ ಪೂರಾ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಫೋನು ಅವರ ಪಾಲಿಗೆ ಇದ್ದೂ ಇಲ್ಲದ ಹಾಗೆ. ದೂರದವರೊಂದಿಗೆ ಅವರ ಮಾತೆಲ್ಲ ಕಂಪ್ಯೂಟರ್ ಕುಟ್ಟುವ ಬೆರಳಿನಲ್ಲೇ, ಅದೂ ಒಂದೇ ಬೆರಳಿನಲ್ಲಿ. ಮಗ ಸೊಸೆ ದೂರವಾದದ್ದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇಬ್ಬರೂ ಕೂಡಿ ಹೇಳಿಕೊಟ್ಟಿದ್ದ ಆ ವಿಳಾಸಕ್ಕೇ ವಾರವಾರವೂ ಬರೆಯುವುದನ್ನು ಅವರು ನಿಲ್ಲಿಸಿರಲಿಲ್ಲ. ಈಗ ಬರೆದದ್ದೆಲ್ಲ ಅವರಿಗೇ ವಾಪಸ್ಸಾಗುತ್ತಿತ್ತು. "ನಿಮಗೇನೋ ಆಗಿದೆ, ನಾವೆಲ್ಲ ಮುಚ್ಚಿಡ್ತಿದೀವಿ ಅಂತ ಅಮ್ಮ ಹಟ ಹಿಡಿದಿದ್ದಾರೆ. ಅನ್ನ ಮುಟ್ತಿಲ್ಲ," ಎಂದು ನಾದಿನಿ ಮೆಸೇಜು ಕಳಿಸಿದ್ದಳು. ಹೊಸ ವಿಳಾಸದಿಂದ ಬರೆದು ನೋಡಿದ್ದಾಯಿತು. ಅತ್ತೆ ಅದನ್ನು ಅಳಿಸಿಹಾಕಿ, ಯಾರೋ ಮೋಸಗಾರರು ಸೊಸೆಯ ಹೆಸರು ಹೇಳಿಕೊಂಡು ಬಂದಿದ್ದಾರೆ ಎಂದು ಮಗಳನ್ನೇ ಎಚ್ಚರಿಸಿದ್ದರು.

ಕೊನೆಗೆ ಅವಳು ಗಂಡನಿಗೆ ಫೋನ್ ಮಾಡಿದಳು. "ಸಂಜೆ ಬರ್ತೀನಿ," ಎಂದಷ್ಟೇ ಹೇಳಿ ಅವನು ಇಟ್ಟುಬಿಟ್ಟ.

ಅವನು ಲಿಫ್ಟು ರಿಪೇರಿಯವನು. ಗ್ರೀಸು ಮೆತ್ತಿದ ಅಂಗಿಯಲ್ಲೇ ಬಂದು, ಕೋಣೆಯ ನಡುವೆ ನಿಂತು ಸುತ್ತ ಒಮ್ಮೆ ನೋಡಿದ. ಪುಸ್ತಕಗಳನ್ನು ಅದುಮಿಡುವ ಕಬ್ಬಿಣದ ಪ್ರೆಸ್ಸು, ಹೊಲಿಯದೆ ಬಿದ್ದಿದ್ದ ಹಾಳೆಗಳ ಕಟ್ಟು, ಕಿಟಕಿಯ ಬಳಿ ಆ ಮೇಜು. ಅದು ಮೇಜೇನಲ್ಲ, ಬಾಗಿಲು. ಮದುವೆಯಾದ ಹೊಸದರಲ್ಲಿ, ಒಡೆಯುತ್ತಿದ್ದ ಯಾವುದೋ ಕಟ್ಟಡದಿಂದ ಅವನೇ ಹೊತ್ತು ತಂದು ನಾಲ್ಕು ಕಾಲು ಜಡಿದಿದ್ದ. ಬೀಗದ ಕೈಯ ತೂತು ಹಾಗೇ ಇತ್ತು. ಅದರಲ್ಲಿ ಅವನು ಟೆಲಿಫೋನ್ ತಂತಿ ತೂರಿಸಿದ್ದ. ಈಗ ಹೊಸ ಕಂಪನಿಯವನೂ ಅಲ್ಲೇ ತೂರಿಸಿ ಹೋಗಿದ್ದ.

"ಇದನ್ನ ಇನ್ನೂ ಇಟ್ಕೊಂಡಿದೀಯಾ?"

"ಗಟ್ಟಿ ಮರ. ಯಾಕೆ ಎಸೀಲಿ?"

ಅವನು ತೂತಿನ ಸುತ್ತ ಬೆರಳಾಡಿಸಿದ. "ಎಷ್ಟು ಕೂಗಾಡ್ತಿತ್ತಲ್ಲ ಆಗ ಇಂಟರ್‌ನೆಟ್ ಹಿಡಿಯೋ ಆ ಡಬ್ಬಿ. ಕುಂಯ್ ಅಂತ ಒಂದ್ಸಲ, ಕರ್ರ್ ಅಂತ ಇನ್ನೊಂದ್ಸಲ."

"ನಾವಿಬ್ರೂ ಉಸಿರು ಬಿಗಿಹಿಡಿದು ಕೂರ್ತಿದ್ವಿ. ಅಷ್ಟರಲ್ಲಿ ಯಾರಾದ್ರೂ ಫೋನ್ ಮಾಡಿದ್ರೆ ಮುಗೀತು, ಮತ್ತೆ ಮೊದಲಿಂದ."

"ಮಾಡ್ತಿದ್ದದ್ದು ನಿಮ್ಮಣ್ಣ ಒಬ್ಬನೇ. ಗಳಿಗೆ ನೋಡ್ಕೊಂಡು ಮಾಡ್ತಿದ್ದ."

ಅವಳಿಗೆ ನಗು ಬಂತು. ಈ ಕೋಣೆಯಲ್ಲಿ ಇಬ್ಬರು ನಕ್ಕು ಬಹಳ ಕಾಲವಾಗಿತ್ತು. ಅವರು ಬೇರೆಯಾದಾಗ ದೊಡ್ಡ ಜಗಳವೇನೂ ನಡೆದಿರಲಿಲ್ಲ. ಮಾತು ಬತ್ತುತ್ತಾ ಬಂದು, ಒಂದು ದಿನ ನೋಡಿದರೆ ಒಬ್ಬರಿಗೊಬ್ಬರು ಕೇಳುವುದೂ ಹೇಳುವುದೂ ಏನೂ ಉಳಿದಿರಲಿಲ್ಲ, ಅಷ್ಟೆ.

ಹಳೆಯ ಕಂಪನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಅವನು ಹೆಸರು ಹೇಳಿದ, ಹುಟ್ಟಿದ ದಿನ ಹೇಳಿದ. ಗುಪ್ತಪದ ಮರೆತಿತ್ತು.

"ಪರವಾಗಿಲ್ಲ ಸರ್, ಖಾತೆ ಮಾಡುವಾಗ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿರ್ತೀರ. ನಿಮ್ಮ ಸಾಕುಪ್ರಾಣಿಯ ಹೆಸರೇನು?"

"ದಫೇದಾರ," ಎಂದ ಅವನು ಥಟ್ಟನೆ. ಮೂತಿಯ ಮೇಲೆ ಕಪ್ಪು ಮೀಸೆಯಂಥ ಮಚ್ಚೆಯಿದ್ದ ಬೆಕ್ಕು ಅದು. ಹೆಸರಿಟ್ಟವನು ಅವನೇ.

"ತಪ್ಪು ಸರ್. ಇನ್ನೊಂದೇ ಸಲ ಹೇಳಬಹುದು. ಅದೂ ತಪ್ಪಾದ್ರೆ ತಾನಾಗೇ ಲಾಕ್ ಆಗುತ್ತೆ."

ಅವನು ಪೆಚ್ಚಾಗಿ ಅವಳ ಮುಖ ನೋಡಿದ. "ಇನ್ಯಾವ ಪ್ರಾಣಿ ಇತ್ತು ನಮ್ಮನೇಲಿ?"

ಅವಳು ಕಣ್ಣು ಮುಚ್ಚಿಕೊಂಡಳು. ಹೊಸ ಕಂಪ್ಯೂಟರು ಬಂದ ದಿನ ನೆನಪಾಯಿತು. ಅದನ್ನು ತುಂಬಿ ತಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಸಾಡಲು ಹೋದರೆ ಒಳಗೆ ಮಿಯಾಂವ್ ಸದ್ದು. "ಇರು ಇರು! ಖಾತೆ ಮಾಡೋ ಹೊತ್ತಿಗೆ ಅದು ಮರಿ ಹಾಕಿತ್ತು ಕಣೋ! ಆ ಪೆಟ್ಟಿಗೇಲೇ! ಆಮೇಲೆ ಏನಂತ ಕರೀತಿದ್ವಿ?"

"ದಫೇದಾರಮ್ಮ!" ಎಂದು ಅವನು ಕೂಗಿದ.

"ಕರೆಕ್ಟ್ ಸರ್," ಎಂದಳು ಆ ಕಡೆಯ ಹುಡುಗಿ, ಈ ಸಲ ನಗು ಅಡಗಿಸದೆ.

ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲೆ ಹಳೆಯ ಪತ್ರಗಳು ಒಂದರ ಕೆಳಗೊಂದು ಬಂದು ಕೂತವು. ಕಳಿಸಿದವರ ಹೆಸರು ಹೆಚ್ಚೂಕಡಿಮೆ ಒಂದೇ. ಅವನು ಮುಂದಕ್ಕೆ ಬಾಗಿದ.

"ಇಷ್ಟೊಂದಾ? ಅಮ್ಮ ಇಷ್ಟೊಂದು ಬರೀತಾಳಾ?"

"ನಿನಗೆ ಗೊತ್ತಿರಲಿಲ್ವಾ?"

"ನನ್ನ ಹೊಸ ವಿಳಾಸ ಕೊಟ್ಟು ಬಂದಿದ್ದೆ. ಒಂದೂ ಬರೀಲಿಲ್ಲ. ಕೇಳಿದ್ರೆ, 'ಬರೀತಾನೇ ಇದೀನಲ್ಲ' ಅಂತಿದ್ಲು. ವಯಸ್ಸಾಯ್ತು, ಅರಳುಮರಳು ಅಂದ್ಕೊಂಡೆ."

ಅವಳು ಒಂದನ್ನು ತೆರೆದಳು. *ಮಕ್ಕಳೇ, ಎದುರುಮನೆಯವರು ಗೋಡೆಗೆ ಹಸಿರು ಬಳಿಸಿದ್ದಾರೆ. ನನಗೆ ಹಿಡಿಸಲಿಲ್ಲ, ಹೇಳಲಿಲ್ಲ. ನೀವು ಹೇಗಿದ್ದೀರಿ. ಮಂಡಿ ನೋವು ಇದ್ದರೆ ನಿಂತು ಕೆಲಸ ಮಾಡಬೇಡ. ಹೊತ್ತಿಗೆ ಸರಿಯಾಗಿ ಮಲಗಿ.* ಲಿಫ್ಟಿನ ಗುಂಡಿಗಿಳಿದು ಹತ್ತುವ ಅವನ ಮಂಡಿಯ ನೋವು ಅದು, ಅವಳದಲ್ಲ.

"ನಿನಗೆ 'ನೀವು' ಅಂತ ಬರೀತಾಳಲ್ಲ," ಎಂದ ಅವನು. "ಮರ್ಯಾದೆ ಜೋರಾಗಿದೆ."

"ನಿಮ್ಮಮ್ಮ ನನಗೆ ಯಾವತ್ತಾದ್ರೂ ಮರ್ಯಾದೆ ಕೊಟ್ಟಿದ್ರಾ? ಅದು ಇಬ್ಬರಿಗೆ."

ಅವನು 'ಮಕ್ಕಳೇ' ಎಂಬುದನ್ನು ಇನ್ನೊಮ್ಮೆ ಓದಿದ. ಆಮೇಲೆ, "ನೀನೇನಂತ ಬರೀತಿದ್ದೆ?" ಎಂದು ಕೇಳಿದ.

"ಚೆನ್ನಾಗಿದೀವಿ ಅಂತ. ಮತ್ತೇನು ಬರೀಲಿ?"

ಅತ್ತೆಗೆ ನಾಲ್ಕು ಸಾಲು ಬರೆದು ಕಳಿಸಹೋದರೆ ಹೋಗಲಿಲ್ಲ. ಕೆಂಪು ಅಕ್ಷರಗಳಲ್ಲಿ ಏನೋ ಬಂತು. ಮತ್ತೆ ಒತ್ತಿದಳು, ಮತ್ತೆ ಅದೇ. ಅವಳ ಮುಖ ಸಪ್ಪಗಾಯಿತು. ಅವನು ಕುರ್ಚಿ ಎಳೆದುಕೊಂಡು ಕೂತ.

"ಬರೋದಕ್ಕೊಂದು ಬಾಗಿಲು, ಹೋಗೋದಕ್ಕೊಂದು ಬಾಗಿಲು," ಎಂದು ಸೆಟ್ಟಿಂಗುಗಳನ್ನು ತೆರೆಯುತ್ತಾ ಹೇಳಿದ. "ಇಷ್ಟು ದಿನ ಹಳೇ ಕಂಪನಿಯವರದೇ ತಂತಿ, ಅದಕ್ಕೆ ಯಾರು ಅಂತ ಕೇಳ್ತಿರಲಿಲ್ಲ. ಈಗ ಬೇರೆಯವರ ತಂತೀಲಿ ಹೋಗಿ ಬಾಗಿಲು ಬಡೀತಿದೀಯ. ಗುರುತು ಕೇಳುತ್ತೆ."

"ಕೇಳಿದ್ರೆ ಹೇಳು ಮತ್ತೆ."

ಹೊರಹೋಗುವ ಸರ್ವರಿನ ಅಂಕಿ ಬದಲಿಸಿದ, ಅಲ್ಲೂ ಗುಪ್ತಪದ ಕೊಟ್ಟ. ಹೊಸ ಗುಪ್ತಪದವನ್ನು ಇಬ್ಬರೂ ಚರ್ಚೆ ಮಾಡಿ ಇಟ್ಟಿದ್ದರು. ಆಮೇಲೆ ಅವನ ಕೈ ಕಳಿಸುವ ಗುಂಡಿಯ ಮೇಲೆಯೇ ನಿಂತಿತು.

"ನಾನೂ ಒಂದು ಸಾಲು ಬರೀಲಾ?"

"ನಿಮ್ಮಮ್ಮ. ನನ್ನನ್ನೇನು ಕೇಳ್ತೀಯ?"

ಅವನು ಬಹಳ ಹೊತ್ತು ಕುಟ್ಟಿದ. ಅವಳು ಓದಲಿಲ್ಲ. ಎದ್ದು ಹೋಗಿ ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದಳು, ಚಹಾಕ್ಕಿಟ್ಟಳು. ಚಹಾ ಕುದಿಯುವಷ್ಟರಲ್ಲಿ ಸುಂಯ್ ಎಂದು ಪತ್ರ ಹೊರಟ ಸದ್ದಾಯಿತು.

ಲೋಟ ಹಿಡಿದು ಇಬ್ಬರೂ ಪರದೆಯ ಮುಂದೆ ಕೂತರು. ಒಂದೇ ಬೆರಳಿನ ಉತ್ತರ ಬರಲು ತಡವಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹೊರಗೆ ಬೀದಿದೀಪ ಹತ್ತಿಕೊಂಡಿತು. ಚಹಾ ಮುಗಿಯಿತು. ಹೊರಡುತ್ತೇನೆಂದು ಅವನೂ ಅನ್ನಲಿಲ್ಲ, ಹೊತ್ತಾಯಿತೆಂದು ಅವಳೂ ಅನ್ನಲಿಲ್ಲ.

ಟಿಂಗ್ ಎಂದಿತು.

*ಮಕ್ಕಳೇ, ಬಂತು. ಎಲ್ಲಿ ಹಾಳಾಗಿ ಹೋಗಿದ್ದಿರಿ. ಇನ್ನು ಊಟ ಮಾಡುತ್ತೇನೆ. ನೀವೂ ಮಾಡಿ.*

ಅವನು ಅದನ್ನು ಗಟ್ಟಿಯಾಗಿ ಓದಿದ, ಅಮ್ಮನೆದುರು ಕೂತು ಮಾತಾಡುವಾಗ ಎತ್ತುವಂಥ ದನಿಯಲ್ಲಿ, ಒಂದೊಂದೇ ಪದವನ್ನು ಬಿಡಿಬಿಡಿಯಾಗಿ. ಗೋಡೆಯಾಚೆಯ ಮನೆಯವರಿಗೂ ಕೇಳಿಸುವ ಹಾಗಿತ್ತು.  ಅವಳು ಅತ್ತೆಯ ಹಿಂದಿನ ಪತ್ರವೊಂದನ್ನು ತೆರೆದು ಪರದೆಯನ್ನು ಅವನ ಕಡೆಗೆ ತಿರುಗಿಸಿದಳು.