ಖಣ ಹಾಕಿ ಹಿಡಿದ ಸೀಟು

ಫರಸಿ ಗೇಮ್ಸ್ ಎಂಬ ಕಂಪನಿ ಸೇಡಂ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿದೆ. ಕೆಳಗೆ ಜೋಳ ಬೀಸಲು ಶುರುವಾದರೆ ಮೇಲೆ ಮೂರೂ ಕಂಪ್ಯೂಟರುಗಳು ಹಲ್ಲು ಕಡಿಯುತ್ತವೆ. ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಈ ಕಂಪನಿಯಲ್ಲಿ ಇರುವವರೂ ಮೂರೇ ಜನ. ಚಿತ್ರ ಬರೆಯುವವಳು, ಆಟದ ನಿಯಮ ಕಟ್ಟುವವಳು, ಉಳಿದಿಬ್ಬರನ್ನು ಬೈಯುವವಳು ಮದಿಹಾ. ಕೋಡ್ ಬರೆಯುವವನು ಕೌಸ್ತುಭ. ಸದ್ದು, ಸಂಗೀತ ಎಲ್ಲ ಮದಿಹಾಳ ಚಾಚಾನ ಮಗ ಅಬ್ರಾರನದು. ಪಾಪ, ಅವನು ಕೊಳಲು ರೆಕಾರ್ಡ್ ಮಾಡಬೇಕೆಂದರೆ ಗಿರಣಿಯವರು ಊಟಕ್ಕೆ ಏಳುವ ತನಕ ಕಾಯಬೇಕು.

ಫರಸಿ ಎಂದರೆ ನೆಲಕ್ಕೆ ಹಾಸುವ ಶಹಾಬಾದದ ಕಲ್ಲು. ಮೊದಲ ವರ್ಷ ಕುರ್ಚಿಗಳಿರಲಿಲ್ಲ, ಮೂವರೂ ನೆಲದ ಮೇಲೇ ಕೂತು ಕೆಲಸ ಮಾಡಿದರು, ಹಾಗಾಗಿ ಆ ಹೆಸರು. ಈಗ ಮೂರು ಕುರ್ಚಿಗಳಿವೆ. ಕಿಟಕಿಯ ಪಕ್ಕದ್ದು ಮದಿಹಾಳದು. ಅದರಲ್ಲಿ ಇನ್ನೊಬ್ಬರು ಕೂತರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಅವರ ಮೊದಲ ಆಟ ‘ಗಿರಣಿ ರಾಜಾ’. ಅದನ್ನು ಇಳಿಸಿಕೊಂಡವರೆಲ್ಲ ನೆಂಟರೇ. ಐದು ನಕ್ಷತ್ರ ಕೊಟ್ಟವರಲ್ಲಿ ಅರ್ಧಕ್ಕರ್ಧ ಜನ ಅದನ್ನು ತೆರೆದೂ ನೋಡಿರಲಿಲ್ಲ. ಕೌಸ್ತುಭನ ಅಜ್ಜಿ ಇಂದೂಬಾಯಿಯಂತೂ, “ಭಾಳ ಛಂದ ಅದನೋ, ನಾ ದಿನಾ ಆಡ್ತೇನಿ” ಎಂದು ಮೊಮ್ಮಗನ ಬೆನ್ನು ತಟ್ಟಿದರು. ಅವರ ಹತ್ತಿರ ಇದ್ದದ್ದು ಬಟನ್ ಫೋನು! ಎರಡನೆಯದು ಗಾಳಿಪಟದ ಆಟ. ಅಂಥವು ಅದಾಗಲೇ ರಾಶಿ ಬಿದ್ದಿದ್ದವು, ನೆಂಟರೂ ಕೇಳಲಿಲ್ಲ.

ಮೂರನೆಯದು ‘ಸೀಟ್ ಹಿಡಿ’. ಬಸ್ಸು ಸ್ಟ್ಯಾಂಡಿಗೆ ಬರುತ್ತದೆ. ನೀವು ಹೊರಗಿನಿಂದಲೇ ಕಿಟಕಿಯಲ್ಲಿ ಟವಲ್ಲನ್ನೋ ಕರ್ಚೀಫನ್ನೋ ಟೊಪ್ಪಿಗೆಯನ್ನೋ ಎಸೆದು ಸೀಟು ಹಿಡಿಯಬೇಕು, ಆಮೇಲೆ ನುಗ್ಗಿ ಒಳಗೆ ಹೋಗಿ ಕೂರಬೇಕು. ಅಷ್ಟೇ ಆಟ. ಅದು ಜಗತ್ ಸರ್ಕಲ್ಲಿನ ಅಂಗಡಿಗಳಲ್ಲಿ, ಕಮಲಾಪುರದ ಮದುವೆಮನೆಗಳಲ್ಲಿ ಹುಚ್ಚು ಹಿಡಿಸಿತು. ಆಟಗಳನ್ನು ದೇಶವಿದೇಶಗಳಲ್ಲಿ ಬಿಡುಗಡೆ ಮಾಡುವ ಪುಣೆಯ ಒಂದು ಕಂಪನಿಯ ಕಣ್ಣಿಗೂ ಬಿತ್ತು. ಅವರು ನೋಡಿ ಬರಲು ಅಂಜನಾ ಎಂಬ ಮೈಸೂರು ಕಡೆಯ ಹೆಣ್ಣುಮಗಳನ್ನು ಕಳಿಸಿದರು.

ಆಕೆ ಹೂಂ ಅಂದರೆ ‘ಸೀಟ್ ಹಿಡಿ’ ಜಗತ್ತಿಗೆಲ್ಲ ಹೋಗುತ್ತದೆ. ಊಹೂಂ ಅಂದರೆ ಫರಸಿ ಗೇಮ್ಸಿಗೆ ಬೀಗ. ಮೂವರೂ ಹಾಗೆಂದು ಮೊದಲೇ ಮಾತಾಡಿಕೊಂಡಿದ್ದರು. ಕೌಸ್ತುಭ ಕಾಲೇಜಿನಲ್ಲಿ ಪಾಠ ಮಾಡುವುದು, ಅಬ್ರಾರ್ ಅಪ್ಪ ಶಬ್ಬೀರನ ಟೇಲರ್ ಅಂಗಡಿಯಲ್ಲಿ ಕೂರುವುದು, ಮದಿಹಾ ಮೊದಲಿನಂತೆ ಲಗ್ನಪತ್ರಿಕೆಗಳ ಮೇಲೆ ಗುಲಾಬಿ ಹೂ ಬರೆಯುವುದು. ಆ ಗುಲಾಬಿಗಳನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಅಂಜನಾ ಬೆಳಗಿನ ರೈಲಿಗೆ ಇಳಿದಳು. ನಾಷ್ಟಾ ಕೌಸ್ತುಭನ ಮನೆಯಲ್ಲಿ. ಮಂಡಕ್ಕಿಯ ಸುಸಲಾ ತಿನ್ನಿಸಿ, ಚಹಾ ಕುಡಿಸಿ, ಇಂದೂಬಾಯಿ ಆಕೆಗೆ ಕುಂಕುಮ ಹಚ್ಚಿ, ಹಸಿರು ಬಣ್ಣದ, ಕೆಂಪು ಅಂಚಿನ ಒಂದು ಕುಬಸದ ಖಣವನ್ನು, ಅಂದರೆ ರವಿಕೆಯ ಬಟ್ಟೆಯನ್ನು, ಅಕ್ಕಿ, ಅಡಿಕೆಯ ಸಮೇತ ಕೈಗಿಟ್ಟರು. “ಹೆಣ್ಮಕ್ಕಳು ಬರಿಗೈಲೆ ಹೋಗಬಾರದವ್ವಾ.” ಆ ಖಣ ಇಂದೂಬಾಯಿಗೆ ಯಾರದೋ ಮುಂಜಿವೆಯಲ್ಲಿ ಬಂದದ್ದು, ಅದನ್ನು ಕೊಟ್ಟವರಿಗೆ ಇನ್ಯಾರದೋ ಸೀಮಂತದಲ್ಲಿ ಬಂದದ್ದು. ಖಣಗಳ ಹಣೆಬರಹವೇ ಅಷ್ಟು, ಊರೆಲ್ಲ ತಿರುಗುತ್ತವೆ, ಕುಬಸ ಮಾತ್ರ ಆಗುವುದಿಲ್ಲ. ಅಂಜನಾ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಗಂಟು ಕಟ್ಟಿ ಕೈಯಲ್ಲೇ ಹಿಡಿದುಕೊಂಡು ಸೇಡಂ ರಸ್ತೆಗೆ ಬಂದಳು. ಮೆಟ್ಟಿಲು ಹತ್ತಿ, ಹಿಟ್ಟು ಕೊಡವಿಕೊಂಡು, ನೆಟ್ಟಗೆ ಹೋಗಿ ಮದಿಹಾಳ ಕುರ್ಚಿಯಲ್ಲೇ ಕೂತಳು. ಅಬ್ರಾರ್ ಕೆಮ್ಮಿದ. ಕೌಸ್ತುಭ ಮೇಲೆ ನೋಡಿದ. ಮದಿಹಾ ಹಲ್ಲು ಕಚ್ಚಿಕೊಂಡು ನಿಂತೇ ಇದ್ದಳು.

ಅಂಜನಾ ಬಹಳ ಹೊತ್ತು ಆಡಿದಳು. ಆಮೇಲೆ ಫೋನ್ ಕೆಳಗಿಟ್ಟಳು.

“ಚಿತ್ರ ಸೊಗಸಾಗಿದೆ. ಆದ್ರೆ ನೋಡಿ, ಟವಲ್ ಹಾಕಿದ್ರೆ ಸೀಟು ಉಳಿಯುತ್ತೆ ಅಂತ ನನಗೆ ಗೊತ್ತು, ನಮ್ಮ ಮೈಸೂರಲ್ಲೂ ಹಾಕ್ತಾರೆ. ಬ್ರೆಜಿಲ್‌ನಲ್ಲಿ ಕೂತು ಆಡೋವನಿಗೆ ಹೇಗೆ ಗೊತ್ತಾಗಬೇಕು? ಆ ಬಟ್ಟೇನ ಎತ್ತಿ ಬಿಸಾಕಿ ಕೂತ್ಕೊಂಡ್ರೆ ಏನಾಗುತ್ತೆ ಅಂತ ಕೇಳ್ತಾನೆ.”

“ಜಗಳ ಆಗ್ತದ್ರಿ,” ಎಂದ ಅಬ್ರಾರ್.

“ಅದನ್ನ ಅವನಿಗೆ ನೀವು ಎಲ್ಲೂ ಹೇಳೇ ಇಲ್ಲ.”

ಹೇಳುವುದೇನು ಬಂತು? ಟವಲ್ ಬಿದ್ದ ಸೀಟಿನಲ್ಲಿ ಕೂರಬಾರದು ಎನ್ನುವುದು ಕೂಸಿಗೂ ಗೊತ್ತಿರುವ ಮಾತು ಎಂದೇ ಮೂವರೂ ತಿಳಿದಿದ್ದರು.

“ಇನ್ನೊಂದು,” ಎಂದಳು ಅಂಜನಾ. “ಸೀಟು ಸಿಕ್ತು. ಆಮೇಲೆ?”

“ಆಮೇಲೇನ್ರಿ? ಕೂಡೋದು!” ಮದಿಹಾಳ ದನಿ ಆಗಲೇ ಏರಿತ್ತು.

“ಅದೇ ಹೇಳ್ತಿರೋದು. ಮೂರು ಸಲ ಕೂತ ಮೇಲೆ ನಾಲ್ಕನೇ ಸಲ ಯಾಕೆ ಆಡ್ಬೇಕು? ನನಗನ್ಸುತ್ತೆ, ಟವಲ್ ತೆಗೆದು ಹೊಳೆಯೋ ಬಾವುಟ ಮಾಡಿ. ಬಸ್ ಬದಲು ರಾಕೆಟ್ ಇರ್ಲಿ. ಎಲ್ಲರಿಗೂ ಅರ್ಥ ಆಗುತ್ತೆ.”

“ರಾಕೆಟ್ಟಿನ ಕಿಡಕಿ ತೆಗಿಯಂಗಿಲ್ರಿ ಮೇಡಂ!”

ಕೌಸ್ತುಭ ಮದಿಹಾಳ ಕಾಲು ತುಳಿದ. ಆದರೆ ಮದಿಹಾಳ ಸಿಟ್ಟು ಒಮ್ಮೆ ಹೊರಟರೆ ಜಗತ್ ಸರ್ಕಲ್ಲಿನ ಪೊಲೀಸನಿಗೂ ನಿಲ್ಲಿಸಲಾಗುವುದಿಲ್ಲ. ಮಧ್ಯಾಹ್ನದ ಊಟ ಕಮಲಾಪುರದಲ್ಲಿ, ಅವಳ ತಾಯಿ ಬಷೀರುನ್ನೀಸಾಳ ಕೈಯಡುಗೆ. ಹೋಗಲು ಒಂದು ಕಾರು ಹೇಳಿಟ್ಟಿದ್ದರು, ಅದು ಕೆಳಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಮದಿಹಾ ಕಿಟಕಿಯಿಂದ ತಲೆ ಹಾಕಿ, “ಕಾರ್ ಬ್ಯಾಡ್ರಿ, ಹೋಗ್ರಿ!” ಎಂದು ಕೂಗಿಬಿಟ್ಟಳು.

“ನಿನಗೇನು ತಲಿ ಕೆಟ್ಟದೇನು?” ಕೌಸ್ತುಭ ಪಿಸುಗುಟ್ಟಿದ. “ಇಂಥಾ ಬಿಸಿಲಾಗ ಅವರನ್ನ ಬಸ್ಸಿನಾಗ ಕರಕೊಂಡು ಹೋಗ್ತಿಯಾ?”

“ಆಟ ತಿಳಿವಲ್ದಂತ. ತಿಳಸೋಣ ನಡಿ.”

ಬಸ್ ಸ್ಟ್ಯಾಂಡಿನಲ್ಲಿ ಇರುವೆಗೂ ಜಾಗವಿರಲಿಲ್ಲ. ಹುಮನಾಬಾದ್ ಕಡೆಯ ಕೆಂಪು ಬಸ್ಸು ಹಿಮ್ಮುಖವಾಗಿ ಬರುತ್ತಿದ್ದಂತೆ, ಆಧಾರ್ ಕಾರ್ಡ್ ಹಿಡಿದ ಹೆಂಗಸರು, ಚೀಲ ಹೊತ್ತ ಗಂಡಸರು, ಕಾಲೇಜಿನ ಹುಡುಗಿಯರು ಎಲ್ಲ ಒಟ್ಟಿಗೇ ಓಡಿದರು. ಕಿಟಕಿಗಳೊಳಗೆ ಟವಲ್ಲುಗಳು ಹಾರಿದವು. ಅಬ್ರಾರ್ ತನ್ನ ಕರ್ಚೀಫ್ ಎಸೆದ; ಅದು ಕಿಟಕಿಯ ಸರಳಿಗೆ ಸಿಕ್ಕಿ ಅಲ್ಲೇ ಜೋತಾಡಿತು. ಕೌಸ್ತುಭ ಟೊಪ್ಪಿಗೆ ಎಸೆದ. ಅದು ಪಕ್ಕದಲ್ಲಿ ಹೊರಡುತ್ತಿದ್ದ ಸೇಡಂ ಬಸ್ಸಿನೊಳಗೆ ಬಿದ್ದು ಸೇಡಂಗೇ ಹೋಯಿತು. ಆಟ ಕಟ್ಟಿದವರು ಮೊದಲ ಹಂತದಲ್ಲೇ ಸೋತು, ಇಂಗು ತಿಂದ ಮಂಗನ ಹಾಗೆ ನಿಂತರು.

“ಎಸೀರಿ ಮೇಡಂ! ಆ ಕಿಡಕಿ ಖಾಲಿ ಅದ, ಎಸೀರಿ!” ಮದಿಹಾ ಕುಣಿಯುತ್ತಿದ್ದಳು.

“ಏನೆಸೀಲಿ? ನನ್ಹತ್ರ ಏನೂ ಇಲ್ವಲ್ರೀ!”

ಆದರೆ ಕೈಯಲ್ಲಿ ಖಣವಿತ್ತು. ಅಂಜನಾ ಒಂದು ಕ್ಷಣ ಅದನ್ನು ನೋಡಿದಳು, ಕಿಟಕಿ ನೋಡಿದಳು, ಹಲ್ಲು ಕಚ್ಚಿ ಎಸೆದೇಬಿಟ್ಟಳು. ಹಸಿರು ಗಂಟು ಗಾಳಿಯಲ್ಲಿ ಬಿಚ್ಚಿಕೊಂಡು, ಒಂದಿಷ್ಟು ಅಕ್ಕಿ ಚೆಲ್ಲಿ, ಸರಿಯಾಗಿ ಸೀಟಿನ ಮೇಲೆ ಹೋಗಿ ಹಾಸಿಕೊಂಡಿತು. “ಬಿತ್ತು! ಬಿತ್ತು!” ಎಂದು ಚಪ್ಪಾಳೆ ತಟ್ಟಿದಳು ಪುಣೆ ಕಂಪನಿಯ ಪ್ರತಿನಿಧಿ. ಮತ್ತೆ ಹೇಗೆ ನುಗ್ಗಿದಳೋ ಏನೋ, ಮೊಳಕೈ ಕೊಟ್ಟು, ಮೊಳಕೈ ತಿಂದು, ಮದಿಹಾಳಿಗಿಂತ ಮೊದಲೇ ಒಳಗಿದ್ದಳು. “ಬಿಡಿ, ಬಿಡಿ, ಅಲ್ಲಿ ನಂದು ಸೀಟಿದೆ!”

ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಹಣೆ ತುಂಬ ಕುಂಕುಮ, ಕಾಲ ಹತ್ತಿರ ಬಟ್ಟೆಯ ಗಂಟು. ಖಣವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

“ನೋಡ್ರೆವ್ವಾ, ನೋಡ್ರಿ! ಮಗಳು ಹಡದಾಳ, ಹೆಣ್ಣು. ದವಾಖಾನಿಯಿಂದ ಬಂದು ಬಸ್ ಹತ್ತೇನಿ, ಸೀಟಿನ ಮ್ಯಾಲ ಖಣ, ಅಕ್ಕಿ, ಅಡಿಕಿ! ಯಾವ ಪುಣ್ಯಾತ್ಗಿತ್ತಿ ನನಗ ಉಡಿ ತುಂಬ್ಯಾಳೋ!”

ಮದಿಹಾ ಎದೆ ಮೇಲೆ ಕೈ ಇಟ್ಟುಕೊಂಡಳು. ಯಾ ಅಲ್ಲಾ! ಟವಲ್ ಬಿದ್ದಿದ್ದರೆ ಮುದುಕಿ ಮುಟ್ಟುತ್ತಿರಲಿಲ್ಲ. ಆದರೆ ಖಣವನ್ನು ಸೀಟು ಹಿಡಿಯಲು ಯಾರು ಹಾಕುತ್ತಾರೆ? ಅದು ಕೊಡುವ ಬಟ್ಟೆ. “ಅಮ್ಮಾ, ಅದು ನಮ್ದು...” ಎನ್ನಲು ಅವಳು ಬಾಯಿ ತೆರೆದಳು. ಅಂಜನಾ ಅವಳ ಕೈಯನ್ನು ಗಟ್ಟಿಯಾಗಿ ಅದುಮಿದಳು.

“ಯಾರಿಟ್ಟೀರವ್ವಾ ಇದು?” ಮುದುಕಿ ಸುತ್ತ ಕೇಳಿದಳು.

“ನಾನಿಟ್ಟೆ ಅಜ್ಜಿ,” ಎಂದಳು ಅಂಜನಾ. ಸೀಟಿನ ಮೇಲೆ ಚೆಲ್ಲಿದ್ದ ಅಕ್ಕಿಯನ್ನು ಬಳಿದು ಮುದುಕಿಯ ಉಡಿಗೆ ಹಾಕಿ, “ನಿಮಗೇ. ಮೊಮ್ಮಗಳಿಗೆ ಒಳ್ಳೇದಾಗ್ಲಿ,” ಎಂದಳು.

ಸೀಟೂ ಹೋಯಿತು, ಖಣವೂ ಹೋಯಿತು. ಮದಿಹಾಳ ಆಟದಲ್ಲಾದರೆ ಇಲ್ಲಿ ಕೆಂಪು ಗೆರೆ ಬಿದ್ದು, ಅಬ್ರಾರನ ಕೊಳಲು ಗೋಳಾಡಿ, ಆಟ ಮುಗಿಯುತ್ತಿತ್ತು. ಬಸ್ಸು ಅಲುಗಿತು. ಅಂಜನಾ ಕಂಬಿ ಹಿಡಿದಳು. ಮುದುಕಿ ಕತ್ತೆತ್ತಿ ನೋಡಿದವಳೇ ಸಿಡುಕಿದಳು.

“ಏ, ಖಣ ಕೊಟ್ಟಾಕಿ ನಿಂತು ಹೋಗದಂದ್ರ ಹ್ಯಾಂಗವ್ವಾ? ಬಾ ಇಲ್ಲಿ. ಏ ತಂಗಿ, ಜರಾ ಸರಿ. ನೀ ಆ ಚೀಲ ಕೆಳಗಿಡು. ಸರೀರೇ, ಹೊಟ್ಯಾಗ ಗಾಳಿ ಹಿಡದು ಕೂಡ್ರಿ!”

ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ಅಂಜನಾ ಕೂತಳು. ಅರ್ಧ ಕೂತಳು, ಇನ್ನರ್ಧ ಗಾಳಿಯಲ್ಲಿತ್ತು. ಅದನ್ನು ನೋಡಿ ಈಚೆಯ ಹೆಂಗಸು ಮಗುವನ್ನು ತೊಡೆಗೆಳೆದುಕೊಂಡು ಮದಿಹಾಳಿಗೆ ಜಾಗ ಮಾಡಿದಳು. ಹಿಂದೆ ಯಾರೋ ಅಬ್ರಾರನಿಗೆ ಗಂಟಿನ ಮೇಲೆ ಕೂರಲು ಹೇಳಿದರು. ಕೌಸ್ತುಭನಿಗೆ ಏನೂ ಸಿಗಲಿಲ್ಲ, ಆದರೂ ಅವನ ಬ್ಯಾಗು ಯಾರದೋ ಮಡಿಲಲ್ಲಿತ್ತು.

ತಾನು ಬರೆದ ಬಸ್ಸು ಮದಿಹಾಳ ಕಣ್ಣ ಮುಂದೆ ಬಂದಿತ್ತು. ಅದರ ತುಂಬ ಸಿಟ್ಟಿನ ಮುಖಗಳು, ಉಬ್ಬಿದ ಮೂಗುಗಳು, ದಾರಿಗೆ ಅಡ್ಡ ನಿಂತ ಬೆನ್ನುಗಳು. ದಿನಾ ಇದೇ ಬಸ್ಸಿನಲ್ಲಿ ಓಡಾಡುವ ತಾನು, ಸರಿದು ಜಾಗ ಕೊಡುವ ಒಂದೇ ಒಂದು ಮುಖವನ್ನೂ ಬರೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಕುಣಿಯುವಷ್ಟು ಖುಷಿಯಾಯಿತು. ಮಹಾಗಾಂವದಲ್ಲಿ ಮುದುಕಿ ಇಳಿಯುವಾಗ, ಖಣವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅಂಜನಾಳ ಕೆನ್ನೆ ಸವರಿ ಲಟಿಕೆ ಮುರಿದಳು. ಅಂಜನಾ ಕಿಟಕಿಯ ಕಡೆ ಸರಿದು, ಆಕೆ ಮರೆಯಾಗುವ ತನಕ ಕೈ ಬೀಸುತ್ತಿದ್ದಳು.

ಕಮಲಾಪುರದಲ್ಲಿ ಬಷೀರುನ್ನೀಸಾ ಬಗಾರಾ ಬದನೇಕಾಯಿ ಮಾಡಿದ್ದಳು, ಕೌಸ್ತುಭನಿಗೆಂದು ಬೇರೆಯೇ ಬೋಗುಣಿಯಲ್ಲಿ ಮಾಂಸ ಹಾಕದ ಬೇಳೆ ತೆಗೆದಿಟ್ಟಿದ್ದಳು. ಊಟವಾಗಿ, ಕೆಂಪು ಬಾಳೆಹಣ್ಣು ಸುಲಿಯುವಾಗ ಮದಿಹಾ ಬಾಯಿಬಿಟ್ಟಳು.

“ಮೇಡಂ, ಆಟ ಅರ್ಧಾನೇ ಆಗ್ಯದ. ಸೀಟ್ ಹಿಡಿಯೋದು ಮಾಡೇನಿ, ಸರಿಯೋದು ಮಾಡಿಲ್ಲ. ನಾಕು ತಿಂಗಳು ಕೊಡ್ರಿ.”

“ರಾಕೆಟ್?”

“ರಾಕೆಟ್ ಬ್ಯಾಡ್ರಿ. ಟವಲ್ಲೂ ಇರ್ತದ, ಬಸ್ಸೂ ಇರ್ತದ. ಅದಿಲ್ಲಂದ್ರ ನಾ ಲಗ್ನಪತ್ರಿಕಿ ಬರಕೋತ ಇರ್ತೀನಿ.”

ಅಬ್ರಾರನ ಗಂಟಲಲ್ಲಿ ಬಾಳೆಹಣ್ಣು ನಿಂತಿತು. ಅಂಜನಾ ಬೆರಳು ಒರೆಸಿಕೊಂಡಳು. “ಬಸ್ಸಲ್ಲಿ ಖುಷಿಯಾಯ್ತು ಅಂತ ಹೂಂ ಅಂದ್ಬಿಡಲ್ಲ ನಾನು. ಮಾಡಿ ಕಳ್ಸಿ. ಈ ಕಡೆಯ ಗಾಳಿನೇ ಸೋಕದವರ ಕೈಲಿ ಆಡಿಸ್ತೀನಿ. ಅವರಿಗೆ ಹಿಡಿಸಿದ್ರೆ ಸರಿ.”

ನಾಲ್ಕು ತಿಂಗಳು ಮೂವರೂ ಹಿಟ್ಟಿನಲ್ಲಿ ಹೊರಳಿದಂತೆ ಕೆಲಸ ಮಾಡಿದರು. ಈಗ ಆಟದ ಬಸ್ಸಿನಲ್ಲಿ ಕೂತವರೆಲ್ಲ ಮಾತಾಡುತ್ತಾರೆ, ಬೈಯುತ್ತಾರೆ, ಸರಿಯುತ್ತಾರೆ. ಟವಲ್ಲಿಗೆ ಒಂದು ಕಿಮ್ಮತ್ತು, ಕರ್ಚೀಫಿಗೆ ಒಂದು. ಟವಲ್ ಎತ್ತಿ ಬಿಸಾಕಿ ಕೂತರೆ ಇಡೀ ಬಸ್ಸು ಎದ್ದು ನಿಂತು ಜಗಳಕ್ಕೆ ಬರುತ್ತದೆ. ಅದಕ್ಕಿಂತ ಚೆನ್ನಾಗಿ ತಿಳಿಸುವುದು ಹೇಗೆ? ಖಣ ಹಾಕಿದರೆ ಸೀಟು ಸಿಗುವುದಿಲ್ಲ, ಅಜ್ಜಿ ಸಿಗುತ್ತಾಳೆ. ಆ ಅಜ್ಜಿಗೆ ಬಷೀರುನ್ನೀಸಾ ದನಿ ಕೊಟ್ಟಳು, “ಜರಾ ಸರೀರೇ!” ಎಂದು ಅವಳು ಗದರಿದ್ದಕ್ಕೆ ಕೆಳಗೆ ಗಿರಣಿಯ ಸಾಲಿನಲ್ಲಿದ್ದವರೂ ಸರಿದು ನಿಂತರಂತೆ.

ಆಟ ಕಳಿಸಿದರು. ಪುಣೆಯಿಂದ ಸುದ್ದಿಯಿಲ್ಲ. ಶಬ್ಬೀರ್ ಅಂಗಡಿಯಲ್ಲಿ ಮಗನಿಗೊಂದು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಇಟ್ಟ. ಮದಿಹಾ ಒಂದು ಲಗ್ನಪತ್ರಿಕೆ ಒಪ್ಪಿಕೊಂಡಳು, ಗುಲಾಬಿ ಬರೆಯುವಾಗ ಮುಳ್ಳನ್ನೇ ಜಾಸ್ತಿ ಬರೆದಳು. ಆಮೇಲೆ ಒಂದು ದಿನ ಫೋನು ಬಂತು. ಕೌಸ್ತುಭ ಸ್ಪೀಕರಿಗೆ ಹಾಕಿದ. ಅಬ್ರಾರ್ ಓಡಿಹೋಗಿ ಗಿರಣಿಯವರ ಕಾಲಿಗೆ ಬೀಳುವುದೊಂದು ಬಾಕಿ, ಹೇಗೋ ಯಂತ್ರ ನಿಲ್ಲಿಸಿದ.

“ಬ್ರೆಜಿಲಿನಾಂವ ಏನಂದ್ರಿ?” ಮದಿಹಾ ನಮಸ್ಕಾರವನ್ನೂ ಹೇಳದೆ ಕೇಳಿದಳು.

“ಅವನು ಸೋತ. ಕೊನೇ ಹಂತದಲ್ಲಿ ಸೀಟು ಹಿಡಿದಿದ್ದ, ಅಜ್ಜಿ ಹತ್ತಿದ ತಕ್ಷಣ ಎದ್ದು ಬಿಟ್ಟುಕೊಟ್ಟ. ಮತ್ತೆ ಆಡಿದ, ಮತ್ತೆ ಬಿಟ್ಟುಕೊಟ್ಟ. ಗೆಲ್ಲೋದು ಬಿಟ್ಟು ಇದೇನಪ್ಪಾ ಅಂತ ಕೇಳಿದ್ವಿ. ‘ಅಜ್ಜಿ ಆಸ್ಪತ್ರೆಯಿಂದ ಬಂದಿದ್ದಾಳೆ, ಮಗಳು ಹೆತ್ತಿದ್ದಾಳೆ, ನಿಂತು ಹೋಗು ಅನ್ನೋಕಾಗುತ್ತಾ?’ ಅಂದ.”

ಮದಿಹಾ ಮುಖ ತಿರುಗಿಸಿಕೊಂಡಳು, ಕಣ್ಣಿಗೆ ಹಿಟ್ಟು ಬಿತ್ತು ಎಂದಳು. ಗಿರಣಿ ಆಗಲೇ ನಿಂತಿತ್ತು.

“ನಾವು ತಗೋತೀವಿ,” ಎಂದಳು ಅಂಜನಾ. “ಮುಂದಿನ ಸೋಮವಾರ ನಾನೇ ಬರ್ತೀನಿ. ಅದ್ಸರಿ, ಮುಂದಿನ ಆಟ ಏನು ಅಂತ ಯೋಚನೆ ಮಾಡಿದ್ದೀರಾ?”

“ರೈಲಿನ ಜನರಲ್ ಬೋಗಿ!” ಮೂವರೂ ಒಟ್ಟಿಗೇ ಕೂಗಿದರು.

ಸೋಮವಾರ ಇಂದೂಬಾಯಿ ಮೊಮ್ಮಗನ ಕೈಯಲ್ಲಿ ಇನ್ನೊಂದು ಖಣ ಕಳಿಸಿದರು, ಈ ಸಲ ಅಂಗಡಿಯಿಂದಲೇ ತರಿಸಿದ್ದು, ಯಾರ ಕೈಯನ್ನೂ ದಾಟಿರದ್ದು. “ಆಕಿ ಬಂದ ಮ್ಯಾಲ ನೀನೇ ಕೊಡಬೇಕಂತ,” ಎಂದು ಕೌಸ್ತುಭ ಅದನ್ನು ಮದಿಹಾಳಿಗೆ ಕೊಟ್ಟ. ಮೆಟ್ಟಿಲ ಮೇಲೆ ಅಂಜನಾಳ ದನಿ ಕೇಳಿಸಿತು, ಹಿಟ್ಟು ಕೊಡವಿಕೊಳ್ಳುವ ಸದ್ದೂ ಕೇಳಿಸಿತು. ಮದಿಹಾ ಖಣವನ್ನು ಒಮ್ಮೆ ಕೊಡವಿ, ಕಿಟಕಿಯ ಪಕ್ಕದ ತನ್ನ ಕುರ್ಚಿಯ ಮೇಲೆ ನೀಟಾಗಿ ಹಾಸಿದಳು.

ಅಬ್ರಾರನಿಗೆ ನಂಬಿಕೆಯೇ ಬರಲಿಲ್ಲ. “ಅದು ನಿನ್ನ ಕುರ್ಚಿ! ನೀ ಎಲ್ಲಿ ಕೂಡ್ತಿ?”

“ಫರಸಿ ಅದಲಾ,” ಎಂದು ಮದಿಹಾ ನೆಲದ ಮೇಲೆ ಕೂತು, “ಜರಾ ಸರಿ,” ಎಂದು ಅವನ ಕಾಲು ತಳ್ಳಿದಳು.