ಗುರುಗಳು ಬರುವ ಮೊದಲು

ಇವತ್ತು ನಮ್ಮ ಪಾರ್ಸಿಗಳ ಹೊಸ ವರ್ಷ. ಹುರಿದ ರವೆಗೆ ಹಾಲು ಹಾಕಿ ಗಂಟಾಗದಂತೆ ತಿರುವುತ್ತಿದ್ದೆ. ಪಡಸಾಲೆಯಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು.

"ಶಾಂಭವಿ, ನೋಶಿರ್ ಮಾಮಾಂದು ಇರಬೇಕು. ಎತ್ತವಾ."

"ನಾ ಎತ್ತಂಗಿಲ್ಲ," ಎಂದಳು ಮಗಳು. "ಅಜ್ಜನ ಮಾರಿ ನೋಡಾಕ ಬಿಡದವರ ಕೂಡ ನಂದೇನ ಮಾತು? ನಿಮ್ಮಣ್ಣ, ನೀನ ಮಾತಾಡು."

ಫೋನು ಹೊಡೆದುಕೊಂಡು ಸುಮ್ಮನಾಯಿತು. ಐದು ತಿಂಗಳಿಂದ ಹೀಗೇ ನಡೆದಿದೆ.

ನಾನು ಹೆಬ್ಬಳ್ಳಿಯ ಶಿವಯೋಗೀಶರನ್ನು ಮದುವೆಯಾದಾಗ ಪಪ್ಪಾ ಮೂರು ವರ್ಷ ಮಾತು ಬಿಟ್ಟಿದ್ದರು. ಶಾಂಭವಿ ಹುಟ್ಟಿದ ಮೇಲೆ ತಾವೇ ಬಂದರು. ಅತ್ತೆ ಶಿವಬಸವ್ವ ಕೂಸಿನ ಕೊರಳಿಗೆ ಲಿಂಗ ಕಟ್ಟುವುದನ್ನು ನೋಡಿ, "ನಾವು ನಡಕ್ಕ ಕಸ್ತಿ ದಾರ ಸುತ್ತತೇವಿ, ನೀವು ಕೊಳ್ಳಾಗ ಕಟ್ಟತೀರಿ. ದೇವರು ಕಳದ ಹೋಗಬಾರದು, ಅಷ್ಟ ನೋಡ್ರಿ ಬೀಗತ್ಯಾರ," ಎಂದು ನಕ್ಕಿದ್ದರು. ಕಡೆಯ ನಾಲ್ಕು ವರ್ಷ ವಿದ್ಯಾನಗರದ ನಮ್ಮ ಮನೆಯಲ್ಲೇ ಇದ್ದರು. ಅವರ ಗಡ್ಡ ಮಾಡುತ್ತಿದ್ದವಳು ಶಾಂಭವಿ. "ಏ ಪೋರಿ, ಮೀಸಿ ಉಳಸು. ಇಲ್ಲಂದ್ರ ನಿಮ್ಮಜ್ಜಿ ಮ್ಯಾಲ ನನ್ನ ಗುರುತಾ ಹಿಡಿಯಂಗಿಲ್ಲ," ಎನ್ನುತ್ತಿದ್ದರು.

ಮಾರ್ಚಿನಲ್ಲಿ ಒಂದು ಬೆಳಗಿನ ಜಾವ ಪಪ್ಪಾ ಹೋದರು. ಶಾಂಭವಿ ಧಾರವಾಡದ ಹಾಸ್ಟೆಲಿನಲ್ಲಿದ್ದಳು. ಪ್ರಾರ್ಥನೆ ಮಾಡಿಸುವ ಗುರುಗಳು ಪೂನಾದಿಂದ ಮಧ್ಯಾಹ್ನ ಎರಡಕ್ಕೆ ಬರುವವರಿದ್ದರು. ನಮ್ಮಲ್ಲಿ ಸ್ನಾನ ಮಾಡಿಸಿ, ಕಸ್ತಿ ಕಟ್ಟಿ, ಪ್ರಾರ್ಥನೆ ಶುರುವಾದ ಮೇಲೆ ಬೇರೆ ಧರ್ಮದವರು ಮುಖ ನೋಡುವಂತಿಲ್ಲ. ಅದಕ್ಕೂ ಮೊದಲು ಯಾರು ಬೇಕಾದರೂ ನೋಡಬಹುದು. ಧಾರವಾಡದಿಂದ ಇಲ್ಲಿಗೆ ಒಂದು ತಾಸಿನ ದಾರಿ.

ಸಂಜೆ ನಾಲ್ಕಕ್ಕೆ ಶಾಂಭವಿ ಅತ್ತೆಯನ್ನು ಕರೆದುಕೊಂಡು ಬಂದಳು. ಬಾಗಿಲಲ್ಲಿ ಅಣ್ಣ ನಿಂತಿದ್ದ. "ಈಗ ಆಗಂಗಿಲ್ಲವಾ," ಎಂದ. ಅವಳು ಅಂಗಳದಲ್ಲೇ ಕುಳಿತುಬಿಟ್ಟಳು.

ಫೋನು ಮತ್ತೆ ಹೊಡೆದುಕೊಂಡಿತು. ಒಲೆ ಸಣ್ಣ ಮಾಡಿ ಪಡಸಾಲೆಗೆ ಬಂದೆ.

"ಮಾಮಾಂದು ತಪ್ಪಿಲ್ಲ," ಎಂದೆ. "ಅವತ್ತು ಬಂದ ಕೂಡಲೇ ಅವ ಅಂದಿದ್ದ, ಗುರುಗಳು ಬರೋದರೊಳಗ ಹುಡುಗಿನ ಕರಸು, ಆಮ್ಯಾಲ ನೋಡಾಕ ಆಗಂಗಿಲ್ಲ ಅಂತ. ನಾ ದಾರ್ಯಾಗ ಅದಾಳ ಅಂದೆ."

"ನಾ ಹೆಬ್ಬಳ್ಳ್ಯಾಗ ಇದ್ನೆಲ್ಲ. ಅಜ್ಜಗ ಆರಾಮಿಲ್ಲ, ಊರಿಗೆ ಹೋಗಿ ಅಜ್ಜಿನ ಕರಕೊಂಡ ಬಾ ಅಂದಿ. ಅಜ್ಜಿ ಪೂಜಿ, ಊಟ ಮುಗಿಸಿ ಬಸ್ ಹಿಡಿಯೋದರಾಗ ಹೊತ್ತಾತು."

"ಹೊತ್ತಾಗತದ ಅಂತ ಗೊತ್ತಿದ್ದ ಕಳಿಸಿದೆ. ನಾ ಫೋನ್ ಮಾಡಿದಾಗ ಅಜ್ಜ ಹೋಗಿ ಒಂದು ತಾಸ ಆಗಿತ್ತು."

ಅವಳು ನನ್ನನ್ನೇ ನೋಡಿದಳು. "ಯಾಕ?"

"ಗುರುಗಳು ಹೊಸಬರು. ನಿಮ್ಮಪ್ಪ ಹೊರಗ ಓಣಿ ಮಂದಿ ನಡುವ ಕುಂತಿದ್ರು, ಅವರು ಯಾರಂತ ಯಾರೂ ಕೇಳಲಿಲ್ಲ. ನೀ ಮುಂಜಾನೆನ ಬಂದು, ಗುರುಗಳ ಮುಂದ ಕೊಳ್ಳಾಗ ಲಿಂಗ ಹಾಕ್ಕೊಂಡು ಅವ್ವಾ ಅಂತ ನನ್ನ ಬಾಜೂಕ ಇದ್ದಿದ್ರ, ಈಕಿ ಯಾರನ್ನ ಲಗ್ನ ಆಗ್ಯಾಳ ಅಂತ ಕೇಳತಿದ್ರು. ಬ್ಯಾರೆ ಧರ್ಮದವರನ್ನ ಆದಾಕಿ ನಮ್ಮಾಕಿ ಅಲ್ಲ ಅಂತ ನನ್ನೂ ಎಬ್ಬಿಸಿ ಹೊರಗ ಕಳಸತಾರ ಅಂತ ಹೆದರಿದೆ. ಪಪ್ಪಾನ ಹತ್ರ ಕಡೀತನಕಾ ಕುಂದ್ರಬೇಕಿತ್ತು ನನಗ."

"ಅವರು ಕೇಳಿದ್ರೇನು?"

"ಇಲ್ಲ. ಏನೂ ಕೇಳಲಿಲ್ಲ."

"ನೀ ಕುಂತಿ."

"ಕುಂತೆ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. ಫೋನು ಎತ್ತಿಕೊಂಡು ತಾನೇ ಹಚ್ಚಿ, "ಮಾಮಾ, ಸಾಲ್ ಮುಬಾರಕ್," ಎಂದಳು. ಆ ಕಡೆಯಿಂದ ಅಣ್ಣನ ದನಿ ಖುಷಿಯಿಂದ ಒಮ್ಮೆಲೇ ಎತ್ತರಕ್ಕೇರಿತು.

"ಒಳಗ ಹೋಗು ಅವ್ವಾ," ಎಂದಳು, ಫೋನನ್ನು ಎದೆಗೆ ಒತ್ತಿಕೊಂಡು. "ನೀ ಇಲ್ಲಿ ನಿಂದ್ರಬ್ಯಾಡ."

ಅಡುಗೆಮನೆಗೆ ಹೋದೆ. ರವೆ ತಳ ಹಿಡಿದಿತ್ತು. ಒಲೆ ಆರಿಸಿ ಸೌಟಿನಿಂದ ತಳ ಕೆರೆಯತೊಡಗಿದೆ.

"ಮಾಮಾ," ಎನ್ನುತ್ತಿದ್ದಳು ಶಾಂಭವಿ ಆ ಕಡೆ, "ಅಜ್ಜನ ಮಾರಿ ಹೆಂಗಿತ್ತು, ಹೇಳ್ರಿ. ಎಲ್ಲಾ ಹೇಳ್ರಿ, ಸಾವಕಾಶ."