ನಮ್ಮ ಭಾವ ಮುನಿಸ್ಕೊಂಡಿರ್ಲಿಲ್ಲ

ನಮ್ಮನೇಲಿ ಮಾತು ನಿಂತುಹೋಗಿ ಸುಮಾರು ದಿನ ಆಗಿತ್ತು. ಟಿವಿ ಮಾತಾಡ್ತಿತ್ತು, ಕುಕ್ಕರ್ ಕೂಗ್ತಿತ್ತು, ಹೊಲಿಗೆ ಮಿಷನ್ ಅಂತೂ ಬಾಯೇ ಮುಚ್ತಿರ್ಲಿಲ್ಲ. ಮನುಷ್ಯರು ಮಾತ್ರ ಸೈಲೆಂಟು.

ಭಾವ ಟೈಲರ್. ಮುಂದೆ ಅಂಗಡಿ, ಹಿಂದೆ ಮನೆ. ನಾನು ಅವರ ಬಾಮೈದ. ಕಾಜಾ ಹಾಕೋದು, ಗುಂಡಿ ಹೊಲಿಯೋದು ನನ್ನ ಕೆಲಸ, ತರಲೆ ಮಾಡೋದು ನನ್ನ ಹವ್ಯಾಸ. ನಮ್ಮಿಬ್ಬರದ್ದೂ ಒಂದು ಆಟ ಇತ್ತು. ಒಬ್ರು ಸಿನಿಮಾ ಸ್ಟೈಲಲ್ಲಿ ಡೈಲಾಗ್ ಬಿಡ್ಬೇಕು, ಇನ್ನೊಬ್ರು ತಕ್ಷಣ ತಿರುಗಿಸಿ ಹೊಡೀಬೇಕು. ಬಾಯಿ ಕಟ್ಟಿದವರು ಟೀ ಮಾಡ್ಬೇಕು.

"ಈ ಕತ್ತರಿಗೆ ಕರುಣೆ ಗೊತ್ತಿಲ್ಲ ಭಾವ, ಬರೀ ಕಟಿಂಗ್ ಗೊತ್ತು!" ಅಂತ ನಾನಂದ್ರೆ, "ಮೊದ್ಲು ಬಟ್ಟೆ ನೆಟ್ಟಗೆ ಹಿಡಿಯೋ ವಿಲನ್ನು, ಆಮೇಲೆ ಸೇಡು ತೀರಿಸ್ಕೊಳ್ಳುವಂತೆ" ಅಂತಿದ್ರು.

ಅಂಥ ಮನುಷ್ಯ ಬಾಯಿಗೆ ಬೀಗ ಹಾಕ್ಬಿಟ್ರು. ಪಕ್ಕದ ಸ್ಟೂಲ್ ಮೇಲೆ ಕೂತು ಎಂಥ ಮಾಸ್ ಡೈಲಾಗ್ ಹೊಡೆದ್ರೂ ಗೋಡೆಗೆ ಹೇಳ್ದಂಗೆ. ಏನೋ ದೊಡ್ಡ ತರಲೆ ಪ್ಲಾನ್ ಮಾಡ್ತಿದಾರೆ, ಇಂಟರ್ವಲ್ಲಲ್ಲಿ ಟ್ವಿಸ್ಟ್ ಇರುತ್ತೆ ಅಂತ ಕಾದೆ. ಇಂಟರ್ವಲ್ಲೇ ಬರ್ಲಿಲ್ಲ. ಕೊನೆಗೆ ನನ್ನ ಡೈಲಾಗು ನಾನೇ ಹೇಳಿ, ಭಾವನ ದನೀಲಿ ಉತ್ತರಾನೂ ನಾನೇ ಹೇಳಿ, ನಾನೇ ಎದ್ದು ಟೀ ಮಾಡ್ತಿದ್ದೆ. ನಗೋಕೆ ಯಾರೂ ಇಲ್ದಿದ್ರೆ ಜೋಕು ಎಷ್ಟು ಕೆಟ್ಟದಾಗಿ ಕೇಳ್ಸುತ್ತೆ ಗೊತ್ತಾ?

ಅಕ್ಕನ ಪಾಡು ಇನ್ನೂ ಕಷ್ಟ. ಊಟಕ್ಕೆ ಭಾವನ ಪಕ್ಕದಲ್ಲೇ ಕೂತು "ಇನ್ನೊಂಚೂರು ಅನ್ನ ಹಾಕ್ಲಾ ರೀ?" ಅಂದ್ರೆ ಉತ್ತರ ಇಲ್ಲ. ತಟ್ಟೇಲಿ ಅರ್ಧ ಹಾಗೇ ಬಿಟ್ಟು ಏಳ್ತಿದ್ರು. ಆದ್ರೆ ಕೌಂಟರ್ ಹತ್ರ ಗಿರಾಕಿ ಬಂದ್ರೆ "ಬನ್ನಿ ಬನ್ನಿ, ಕಾಲರ್ ಹೇಗಿರ್ಲಿ?" ಅಂತ ಚೆನ್ನಾಗೇ ಮಾತು.

"ಊರಿಗೆಲ್ಲ ಇರೋ ಬಾಯಿ ನನಗೊಬ್ಬಳಿಗಿಲ್ಲ ಕಣೋ" ಅಂದ್ಲು ಅಕ್ಕ. ಆಮೇಲಾಮೇಲೆ ಅವಳು ಅಡುಗೆಮನೇಲಿ ನಿಂತ್ಕೊಂಡೇ ಒಬ್ಬಳೇ ಉಣ್ಣೋಳು. ಮನೇಲಿ ಮೂರು ಜನ, ಮೂರು ಮೂಲೆ.

ಕೆಲಸಾನೂ ಕೆಟ್ಟಿತ್ತು. ಒಬ್ರು ಗಿರಾಕಿ ಶರ್ಟ್ ವಾಪಸ್ ತಂದ್ರು. ಬಲಗಡೆ ನೋಡಿದ್ರೆ ರಾಜ, ಎಡಗಡೆ ಕಫ್ಫೇ ಇಲ್ಲ!

"ಭಾವ, ಇದೇನು ಅರ್ಧ ಹೀರೋಗೆ ಹೊಲಿದ್ರಾ?" ಅಂದೆ. ಭಾವ ಹೊಲೀತಾನೇ ಇದ್ರು. ಗಿರಾಕಿ ಕೇಳಿದ್ಮೇಲೆ ಶರ್ಟ್ ತಗೊಂಡು ನೋಡಿ, "ಸರಿಯಾಗೇ ಇದೆಯಲ್ಲ ಸ್ವಾಮಿ?" ಅಂದ್ರು. ಮುಖದಲ್ಲಿ ಒಂಚೂರೂ ನಗು ಇಲ್ಲ.

ಒಂದಿನ ಬೆಳಗ್ಗೆ ಅಕ್ಕ ಬ್ಯಾಗ್ ತುಂಬಿಸ್ತಾ ಇದ್ಲು. "ಅಮ್ಮನ ಮನೆಗೆ ಹೋಗ್ತೀನಿ. ನಾನಿದ್ರೂ ಇಲ್ದಿದ್ರೂ ಅವರಿಗೆ ಒಂದೇ. ಮಾತಾಡ್ಬೇಕು ಅನ್ನಿಸ್ದಾಗ ಕರೀಲಿ."

ಅದೇ ಹೊತ್ತಿಗೆ ಪಕ್ಕದ ಬೀದಿ ನರ್ಸಕ್ಕ ತಮ್ಮ ಯೂನಿಫಾರ್ಮ್ ತಗೊಳ್ಳೋಕೆ ಬಂದ್ರು. ಬಿಡಿಸಿ ನೋಡಿದ್ರೆ ಎಡಗೈ ತೋಳೇ ಇಲ್ಲ. ಈಗ ಬೈತಾರೆ ಅಂತ ನಾನು ಮಿಷನ್ ಹಿಂದೆ ಬಗ್ಗಿದೆ. ಅವರು ಬೈಲಿಲ್ಲ. ಭಾವನ ಕಾಲು ನೋಡಿದ್ರು.

"ಅಣ್ಣಾ, ಎಡಗಾಲಿನ ಚಪ್ಪಲಿ ಎಲ್ಲಿ?"

"ಹಾಕ್ಕೊಂಡಿದೀನಲ್ಲ" ಅಂದ್ರು ಭಾವ. ಎಡಗಾಲು ಬರಿಗಾಲು.

ನರ್ಸಕ್ಕ ಅಕ್ಕನನ್ನ ಕರೆದ್ರು. "ಇವರಿಗೆ ತಲೆಗೇನಾದ್ರೂ ಪೆಟ್ಟು ಬಿದ್ದಿತ್ತಾ?"

"ಹೋದ ತಿಂಗಳು ಶಟರ್ ತಗುಲಿತ್ತು. ಊಟದ ಹೊತ್ತಲ್ಲಿ ಅರ್ಧ ಇಳಿಸಿರ್ತೀವಿ, ಬಗ್ಗಿ ಬರೋವಾಗ ಠಣ್ ಅಂತು. ರಕ್ತಾನೂ ಬರ್ಲಿಲ್ಲ. ನಕ್ಕೊಂಡು ಹೋಗಿ ಕೆಲಸಕ್ಕೆ ಕೂತ್ರು. ಅದಕ್ಕೂ ಈ ಮುನಿಸಿಗೂ ಏನ್ ಸಂಬಂಧ?"

"ನೀನು ಯಾವ ಕಡೆಯಿಂದ ಮಾತಾಡಿಸ್ತೀಯಾ?"

ಅಕ್ಕ ಮನೆ ಬಾಗಿಲ ಕಡೆ ಕೈ ತೋರಿಸಿದ್ಲು. ಮನೆ ಬಾಗಿಲು ಭಾವನ ಎಡಕ್ಕೆ, ನನ್ನ ಸ್ಟೂಲೂ ಎಡಕ್ಕೆ, ಊಟಕ್ಕೆ ಅಕ್ಕ ಕೂರೋದೂ ಎಡಕ್ಕೆ. ಕೌಂಟರ್ ಮಾತ್ರ ಬಲಕ್ಕೆ.

"ಇಲ್ಲಿ ಬಲಗಡೆ ಬಾಮ್ಮ. ಈಗ ಕರಿ."

"ರೀ..." ಅಂದ್ಲು ಅಕ್ಕ.

ಭಾವ ತಲೆ ಎತ್ತಿದ್ರು. ಮುಖ ಅರಳ್ತು. "ಅರೆ! ಎಲ್ಲೋಗಿದ್ದೆ ಇಷ್ಟೊತ್ತು? ಬಾ, ಕೂತ್ಕೋ."

ಅಕ್ಕ ಬಾಯಿಗೆ ಸೆರಗು ಒತ್ಕೊಂಡು ಅಲ್ಲೇ ಕೂತ್ಲು.

ನರ್ಸಕ್ಕ ಮೆಲ್ಲಗೆ ಹೇಳಿದ್ರು. "ಮೆದುಳು ಅನ್ನೋದು ಒಂದೇ ತುಂಡು ಬಟ್ಟೆ ಅಲ್ಲ, ಹಲವು ಭಾಗ ಸೇರಿ ಆದ ಶರ್ಟು ಅಂದ್ಕೊಳ್ಳಿ. ಹಣೆ ಹಿಂದಿನ ಭಾಗ ಯೋಚನೆ, ತಾಳ್ಮೆ, ಯಾವಾಗ ಸುಮ್ನಿರ್ಬೇಕು ಅನ್ನೋದನ್ನ ನೋಡ್ಕೊಳ್ಳುತ್ತೆ. ಕಿವಿ ಪಕ್ಕದ್ದು ಕೇಳಿದ್ದನ್ನ, ನೆನಪನ್ನ. ತೀರಾ ಹಿಂದಿನದ್ದು ನೋಟವನ್ನ. ನೆತ್ತಿ ಹತ್ರ ಇರೋದು ಮುಟ್ಟಿದ್ದು ತಿಳಿಯೋಕೆ, ನಮ್ಮ ಸುತ್ತ ಎಲ್ಲೇನಿದೆ ಅಂತ ಗಮನ ಇಡೋಕೆ. ಕತ್ತಿನ ಮೇಲ್ಗಡೆ ಒಂದು ಚಿಕ್ಕ ಮೆದುಳಿದೆ, ಬ್ಯಾಲೆನ್ಸ್ ಅದರದ್ದು. ಇನ್ನೊಂದು ವಿಷಯ, ಮೆದುಳಿನ ಬಲಭಾಗ ನೋಡ್ಕೊಳ್ಳೋದು ಮೈಯ ಎಡಭಾಗವನ್ನ."

"ಕ್ರಾಸ್ ಕನೆಕ್ಷನ್ನಾ?" ಅಂದೆ.

"ಹೂಂ. ಬಲಭಾಗಕ್ಕೆ ಏನಾದ್ರೂ ಆದ್ರೆ, ಕಣ್ಣು ಕಿವಿ ಸರಿಯಿದ್ರೂ ಎಡಗಡೆ ಏನಿದೆ, ಯಾರಿದಾರೆ ಅನ್ನೋದೇ ಗಮನಕ್ಕೆ ಬರ್ದಂಗಾಗ್ಬೋದು. ಮೆದುಳು ತಾಯಿ ಹೊಟ್ಟೇಲೇ ಬೆಳೆಯೋಕೆ ಶುರುವಾಗುತ್ತೆ. ಮೊದಲ ಕೆಲವು ವರ್ಷ ಭಾರೀ ಸ್ಪೀಡು. ಹಣೆ ಹಿಂದಿನ ಭಾಗ ಮಾತ್ರ ಲೇಟು, ಪೂರ್ತಿ ಪಕ್ವ ಆಗೋಕೆ ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ಬೇಕು." ಹಾಗಂದು ನನ್ನನ್ನೇ ನೋಡಿದ್ರು.

"ಗೊತ್ತಾಯ್ತು ಬಿಡಿ, ನಂದಿನ್ನೂ ಟ್ರಯಲ್ಲಲ್ಲಿದೆ."

ಅಕ್ಕ ಕಣ್ಣೊರೆಸ್ಕೊಂಡು ಕೇಳಿದ್ಲು, "ಆದ್ರೆ ಅವತ್ತು ಚೆನ್ನಾಗೇ ಇದ್ರಲ್ಲ?"

"ತಲೆಬುರುಡೆ ಗಟ್ಟಿ ಡಬ್ಬಿ, ಹಿಗ್ಗಲ್ಲ. ಪೆಟ್ಟು ಬಿದ್ದಾಗ ಒಳಗೆ ಸಣ್ಣ ರಕ್ತನಾಳ ಕಿತ್ತು, ಹನಿ ಹನಿಯಾಗಿ ರಕ್ತ ಸೇರ್ತಾ ಮೆದುಳನ್ನ ಒತ್ತಿದ್ರೆ, ಕೆಲವ್ರಿಗೆ ವಾರಗಳಾದ್ಮೇಲೆ ಗೊತ್ತಾಗುತ್ತೆ. ಅದೇ ಆಗಿದೆ ಅಂತ ನಾನು ಹೇಳ್ತಿಲ್ಲ. ಸ್ಕ್ಯಾನ್ ಮಾಡಿದ್ರೇ ಖಾತ್ರಿ."

"ತಲೆ ಸ್ಕ್ಯಾನಾ? ಜನ ಹುಚ್ಚು ಅಂತಾರಲ್ಲಕ್ಕಾ."

"ಕಾಲು ಮುರಿದ್ರೆ ಯಾರಾದ್ರೂ ಮುಚ್ಚಿಡ್ತಾರಾ? ಮೆದುಳೂ ಮೈಯ ಒಂದು ಭಾಗಾನೇ ಕಣಮ್ಮ."

"ಯಾರಿಗೆ ಸ್ಕ್ಯಾನು? ನಂಗೇನಾಗಿದೆ?" ಅಂದ್ರು ಭಾವ.

"ನೋಡಿ, ತನಗೇನೋ ಆಗಿದೆ ಅಂತಾನೇ ಅವರಿಗೆ ತಿಳೀತಿಲ್ಲ. ಅದಕ್ಕೇ ಅವರು ಬೇಡ ಅಂದ್ರೂ ನೀವು ಬಿಡ್ಬಾರ್ದು. ಇವತ್ತೇ ಹೋಗಿ. ನಾಳೆ ಅನ್ಬೇಡಿ."

ಅಕ್ಕ ಬ್ಯಾಗಿಂದ ತನ್ನ ಬಟ್ಟೆ ತೆಗೆದು ಅವರ ಬಟ್ಟೆ ತುಂಬಿಸಿದ್ಲು. "ಆಟೋ ಕರಿಯೋ, ನಿಂತ್ಕೊಂಡು ಏನ್ ನೋಡ್ತೀಯಾ!"

ಸ್ಕ್ಯಾನಲ್ಲಿ ಬುರುಡೆಗೂ ಮೆದುಳಿಗೂ ನಡುವೆ, ಬಲಗಡೆ, ಚಂದ್ರನ ಚೂರಿನ ಆಕಾರದಲ್ಲಿ ರಕ್ತ ನಿಂತಿತ್ತು. "ಇನ್ನೂ ತಡ ಮಾಡಿದ್ರೆ ಪ್ರಜ್ಞೆ ತಪ್ತಿತ್ತು, ಜೀವಕ್ಕೂ ಕುತ್ತಾಗ್ತಿತ್ತು" ಅಂದ್ರು ಡಾಕ್ಟ್ರು. ಬುರುಡೇಲಿ ಸಣ್ಣ ತೂತು ಕೊರೆದು ಅದನ್ನ ಹೊರಗೆ ತೆಗೀತಾರಂತೆ. ಆಪರೇಷನ್ ಬಾಗಿಲ ಹೊರಗೆ ನಾನೂ ಅಕ್ಕಾನೂ ಬೆಂಚಿನ ಒಂದೊಂದು ತುದೀಲಿ ಕೂತಿದ್ವಿ. ಸಿನಿಮಾದಲ್ಲಾದ್ರೆ ಕೆಂಪು ಲೈಟ್ ಆರಿ ಡಾಕ್ಟ್ರು ಓಡಿ ಬರ್ತಾರೆ. ಇಲ್ಲಿ ನೆಲ ಒರೆಸೋರು ಬಂದು ಕಾಲೆತ್ತಿ ಅಂದ್ರು, ಎತ್ತಿದ್ವಿ, ಅಷ್ಟೇ.

ಎರಡು ದಿನ ಬಿಟ್ಟು ವಾರ್ಡಿಗೆ ಹೋದ್ವಿ. ಅಕ್ಕ ಹುಷಾರಾಗಿ ಭಾವನ ಬಲಗಡೆ ಹೋಗಿ ನಿಂತ್ಕೊಂಡ್ಲು. ಭಾವ ಅವಳನ್ನ ನೋಡಿ, ಮೆತ್ತಗೆ ಎಡಗೈ ಎತ್ತಿ ಆ ಕಡೆ ತೋರಿಸಿದ್ರು.

"ಅಲ್ಲಿ ಕುರ್ಚಿ ಖಾಲಿ ಇದೆಯಲ್ಲ, ಯಾಕೆ ನಿಂತಿದೀಯಾ?"

ಅಕ್ಕ ಎಡಗಡೆ ಹೋಗಿ ಕೂತ್ಲು. ಭಾವ ಅವಳ ಕಡೆಗೇ ತಿರುಗಿದ್ರು.

"ಮನೇಲಿ ಯಾರೂ ಇಲ್ವೇನೋ ಅನ್ನಿಸ್ತಿತ್ತು ಕಣೇ, ಇಷ್ಟು ದಿನ."

"ನಂಗೂ" ಅಂದ್ಲು ಅಕ್ಕ.

ಈಗ ನಿಮ್ಮ ಸರದಿ, ಅಣ್ಣಂದಿರೇ, ಅಕ್ಕಂದಿರೇ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ್ರೆ, ಫಿಟ್ಸ್ ಬಂದ್ರೆ, ಮೇಲಿಂದ ಮೇಲೆ ವಾಂತಿ ಆದ್ರೆ ಆ ಕ್ಷಣಾನೇ ಆಸ್ಪತ್ರೆಗೆ ಓಡಿ. ಏನೂ ಆಗ್ಲಿಲ್ಲ ಅಂತ ನಕ್ಕು ಎದ್ದವ್ರ ಮೇಲೂ ಒಂದೆರಡು ತಿಂಗಳು ಕಣ್ಣಿಡಿ. ತಲೆನೋವು ಜಾಸ್ತಿ ಆಗ್ತಿದ್ಯಾ, ಯಾವಾಗ್ಲೂ ತೂಕಡಿಸ್ತಾರಾ, ಮಾತು ತೊದಲುತ್ತಾ, ಒಂದು ಕಡೆ ಕೈಕಾಲು ಸೋಲುತ್ತಾ, ಮರೆವು ಜಾಸ್ತಿಯಾಗಿದ್ಯಾ, ಇದ್ದಕ್ಕಿದ್ದಂಗೆ ಬೇರೆ ಮನುಷ್ಯ ಆಗ್ಬಿಟ್ರಾ ಅಂತ ನೋಡಿ. ಇದ್ರಲ್ಲಿ ಒಂದು ಕಂಡ್ರೂ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ವಯಸ್ಸಾದವ್ರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಇನ್ನೂ ಹುಷಾರು. ಗಾಡಿ ಮೇಲೆ ಹೋಗೋವಾಗ ಹೆಲ್ಮೆಟ್ ತಲೆಗೆ ಹಾಕಿ, ಮೊಣಕೈಗಲ್ಲ.

ಬರೀ ಮುನಿಸೇ ಆಗಿದ್ರೆ ಡಾಕ್ಟ್ರು ನಕ್ಕು ವಾಪಸ್ ಕಳಿಸ್ತಾರೆ, ಮನೆಗೆ ಬಂದು ಆರಾಮಾಗಿ ಜಗಳ ಆಡ್ಕೊಳ್ಳಿ. ಆದ್ರೆ ನಿಮ್ಮನೇಲಿ ಯಾರಾದ್ರೂ ಸುಮ್ಮನಾಗಿಬಿಟ್ಟಿದ್ರೆ, ಬಾಗಿಲು ಹಾಕ್ಕೊಂಡು ಅಳೋ ಮುಂಚೆ, ಇವತ್ತೇ ಹತ್ರ ಕೂತು ಒಂದು ಮಾತು ಕೇಳಿ: "ತಲೆಗೆಲ್ಲಾದ್ರೂ ಏಟು ಬಿದ್ದಿತ್ತಾ?"